ಹನ್ನೊಂದು ಸಾಲು

ಊಟದ ನಂತರದ ಹೊತ್ತು ನನ್ನ ಪಾಲಿಗೆ ಬಂದಿತ್ತು, ಎರಡೂವರೆ.
ಹಾಸನದ ಕಾಲೇಜಿನ ಸಭಾಂಗಣ,
ಬಿಸಿಬೇಳೆಬಾತು ಉಂಡ ನೂರಿಪ್ಪತ್ತು ಕಣ್ಣು,
ಅರ್ಧ ಮುಚ್ಚಿದ್ದವು, ಅರ್ಧ ಮೊಬೈಲಿನಲ್ಲಿದ್ದವು.
ಬೆಳಿಗ್ಗೆ ಬಂದವರೆಲ್ಲ ದೊಡ್ಡದನ್ನೇ ಆಡಿ ಹೋಗಿದ್ದರು:
ಯೋಚಿಸುವ ಯಂತ್ರ, ಕೋಟಿ ಬಳಕೆದಾರರು.
ನನ್ನ ಹತ್ತಿರ ಇದ್ದದ್ದು ಹನ್ನೊಂದು ಸಾಲು,
ಬ್ರೌಸರಿನ ಮೂಲೆಯಲ್ಲಿ ಕೂರುವ
ಹೆಸರುಕಾಳಿನಷ್ಟು ಒಂದು ಚಿತ್ರ.

ಫಿಲೋಮಿನಾಳಿಂದ ಶುರುಮಾಡಿದೆ.
ಡೈರಿಯಲ್ಲಿ ನನ್ನ ಪಕ್ಕದ ಮೇಜು ಅವಳದು.
ದುದ್ದ, ಕಟ್ಟಾಯ, ಶಾಂತಿಗ್ರಾಮದ ಹಾಲಿನ ಲೆಕ್ಕ ತುಂಬುತ್ತಾಳೆ,
ಲೀಟರು, ಜಿಡ್ಡು, ಡಿಗ್ರಿ.
ಪುಟದ ತಳದಲ್ಲಿ ಎರಡು ಗುಂಡಿ,
ಒಂದೇ ಬೂದು, ಒಂದೇ ಅಗಲ, ಅಂಟಿ ಹುಟ್ಟಿದ ಅವಳಿ:
ಉಳಿಸಿ. ಅಳಿಸಿ.
ಒಂದಕ್ಷರ, ಅಷ್ಟೆ.
ಚಾಳೀಸು ಮನೆಯಲ್ಲಿ ಮರೆತುಬಂದ ಸಂಜೆ
ಮುನ್ನೂರ ನಾಲ್ಕು ಕ್ಯಾನು ಹಾಲು ಸದ್ದಿಲ್ಲದೆ ಚೆಲ್ಲಿಹೋಯಿತು.
ಗುಂಡಿ ಅಳಿಸಿದರೂ ಅವಳು ಅಳಲಿಲ್ಲ.
ಟಿಫಿನ್ ಡಬ್ಬಿಯ ಮುಚ್ಚಳ ತೆಗೆದು ಹಾಕಿ
ತೆಗೆದು ಹಾಕಿ ಕೂತಿದ್ದಳು.

ಪುಟ ಮಾಡಿದವರು ಯಾರೋ, ಎಲ್ಲಿದ್ದಾರೋ.
ಮೂರು ಅರ್ಜಿ ಹಾಕಿದೆವು. ಮೂರಕ್ಕೂ ಸ್ವೀಕೃತಿ ಬಂತು.
ಆಮೇಲೆ ನಾನೇ ಬರೆದೆ:
ಈ ಪುಟ ತೆರೆದಾಗ ಆ ಗುಂಡಿ ಹುಡುಕು,
ಕೆಂಪು ಬಳಿ, ದೂರ ತಳ್ಳು,
ಒತ್ತಿದರೆ ಒಮ್ಮೆ ಕೇಳು, "ನಿಜವಾಗ್ಲೂನಾ, ಫಿಲೂ?"

ಇಲ್ಲಿ ಸಭೆ ನಕ್ಕಿತು. ನಗಿಸಲೆಂದು ಹೇಳಿರಲಿಲ್ಲ.

ಪ್ರಶ್ನೆ ಕೇಳಿದ್ದು ಒಬ್ಬರೇ,
ಮೈಕಿನ ವೈರು ಸುತ್ತುತ್ತಿದ್ದ ದ್ಯಾವಣ್ಣ.
"ಪುಟ ಅವರದಲ್ವಾ ಮೇಡಂ,
ನೀವೆಂಗೆ ಬಣ್ಣ ಬಳಿದ್ರಿ?"

ಸ್ಲೈಡುಗಳಲ್ಲಿ ಇದಕ್ಕೆ ಉತ್ತರವಿರಲಿಲ್ಲ.
ಊಟಕ್ಕೆ ಮುಂಚೆ ಸೆರಗು ಸರಿಮಾಡಿಕೊಳ್ಳಲು ಹೋದಾಗ
ಕೈತೊಳೆಯುವಲ್ಲಿನ ಕನ್ನಡಿಯ ಮೇಲೆ
ಯಾರ್ಯಾರೋ ಅಂಟಿಸಿ ಮರೆತ ಬಿಂದಿಗಳಿದ್ದವು,
ಮೂರು ಮೆರೂನು, ಒಂದು ಹಸಿರು.
ಒಂಚೂರು ಬಗ್ಗಿ ನಿಂತರೆ
ಹಸಿರು ನನ್ನ ಹುಬ್ಬಿನ ನಡುವೆ ಸರಿಯಾಗಿ ಕೂತಿತ್ತು.
ಮುಖಕ್ಕೆ ಏನೂ ಆಗಿರಲಿಲ್ಲ.

ಅದನ್ನೇ ಹೇಳಿದೆ.
ಮುಖ ಅವರದೇ ದ್ಯಾವಣ್ಣ, ಕನ್ನಡಿ ಮಾತ್ರ ಫಿಲೋಮಿನಾಳದು.
(ಅವಳು ಬಿಂದಿ ಇಡುವುದಿಲ್ಲ, ಅದು ಬೇರೆ ಮಾತು.)
ಅವರು ವೈರು ಸುತ್ತುವುದು ನಿಲ್ಲಿಸಿದರು.
"ಹಂಗಾರೆ ನಮ್ಮ ಕರೆಂಟ್ ಬಿಲ್ಲಿಗೂ ಒಂದು ಹಾಕ್ಕೊಡಿ,
ಅಂಕಿ ದೊಡ್ದಾಗಿ ಕಾಣ್ಲಿ...
ಬ್ಯಾಡ ಬ್ಯಾಡ, ಚಿಕ್ಕದಾಗೇ ಇರ್ಲಿ."

ಶಾಲು, ಹಾರ, ಒಂದು ಪೆನ್ನು.

ಸೋಮವಾರ ಫಿಲೋಮಿನಾ ಕರೆದಳು.
ಪುಟದವರು ರಾತ್ರೋರಾತ್ರಿ ಒಳಗೇನೋ ಬದಲಿಸಿದ್ದಾರೆ.
ಗುಂಡಿಗೆ ಹೊಸ ಹೆಸರು, ನನ್ನ ಹನ್ನೊಂದು ಸಾಲು
ಹಳೇ ಹೆಸರು ಹಿಡಿದು ಕೂಗುತ್ತಿವೆ,
ಓಗೊಡುವವರಿಲ್ಲ.
ಮತ್ತೆ ಬೂದು, ಮತ್ತೆ ಅಕ್ಕಪಕ್ಕ.

ಹಣೆಯ ಬಿಂದಿ ಕಿತ್ತು
ಅವಳ ಪರದೆಯಲ್ಲಿ "ಅ"ದ ಮೇಲೆ ಒತ್ತಿದೆ.
ಪುಟ ಸರಿದರೆ ಗುಂಡಿಯೂ ಸರಿಯುತ್ತದೆ,
ಬಿಂದಿ ಅಲ್ಲೇ ನಿಲ್ಲುತ್ತದೆ.
ಅಲ್ಲಾಡಿಸಬೇಡ, ಹತ್ತು ನಿಮಿಷ ತಡಿ, ಅಂದೆ.