ಕೀಲಕ

ಪುಸ್ತಕ ಮಾಡಿಕೊಡಬೇಕು ಎಂದಳು ಗುತ್ಯಮ್ಮ,
ದುರ್ಗಿಗುಡಿಯ ನನ್ನ ಡಿಟಿಪಿ ಅಂಗಡಿಯ ಮೆಟ್ಟಿಲಲ್ಲಿ ನಿಂತು,
ಗುಡಿಯೆಂಬಂತೆ ಚಪ್ಪಲಿ ಕಳಚಿ.
ಸೊರಬದ ಬಸ್ಸಿನ ಧೂಳು ಇನ್ನೂ ಸೆರಗಿನಲ್ಲಿ.
ಚೀಲದಿಂದ ಬಂದದ್ದು ಕಡತ:
ಹುಣಸೆಬೀಜದ ಅಂಟು, ಇದ್ದಿಲು ಮೆತ್ತಿದ ಬಟ್ಟೆ.
ಮಡಿಕೆ ಬಿಚ್ಚುತ್ತ ಹೋದರೆ
ಮೇಜು ಸಾಲದೆ ಸ್ಕ್ಯಾನರಿನ ಮೇಲೂ ಹಬ್ಬಿತು.
'ಬಳಪದ ಅಕ್ಷರ, ಜೋರಾಗಿ ಉಸಿರಾಡಬೇಡಿ.'

ಮದುವೆ ಕಾಗದ, ಸಹಕಾರ ಸಂಘದ ವರದಿ,
ವರ್ಷಕ್ಕೊಂದು ಯಾರದೋ ಕವನ ಸಂಕಲನ,
ಇಷ್ಟೇ ನನ್ನ ಸಾಹಿತ್ಯ ಸೇವೆ.
ಹ್ರೀಂಕಾರಕ್ಕೆ ಕೀಲಿಮಣೆಯಲ್ಲಿ
ಬೆರಳು ಮೂರು ಸಲ ಎಡವಿತು.

ಮೊದಲು ಶಾಂತಿ.
ಮಗುವಿನ ಜ್ವರ, ಬಾಲಗ್ರಹ, ಬೆಚ್ಚಿಬೀಳುವುದು.
ಒಂದು ಹಿಡಿ ಬೂದಿ ಸಾಕು.
ಆಮೇಲೆ ವಶ್ಯ. ಕೈಬರಹಕ್ಕೆ ಇಲ್ಲಿ ಅವಸರ;
ಗೋರೋಚನ, ಅಷ್ಟಗಂಧ,
ಯಾವಳದೋ ಹೆಸರು ಬರೆದು ಉಜ್ಜಿದ ಕಲೆ.
'ನಮ್ಮಮ್ಮನ ಹೆಸರಲ್ಲ ಅದು'
ಎಂದಳು, ನಾನು ಕೇಳದೆಯೇ.
ಸ್ತಂಭನದಲ್ಲಿ ಎದುರಾಳಿಯ ನಾಲಿಗೆ ಕಟ್ಟಬಹುದು,
ಹರಿವ ನೀರು ನಿಲ್ಲಿಸಬಹುದು.
'ಶರಾವತಿ ನಿಲ್ಲಿಸಿದವರ ಹತ್ರ
ಬೇರೆ ಮಂತ್ರ ಇತ್ತು ಬಿಡಿ.'
ಇಬ್ಬರನ್ನು ಅಗಲಿಸಲು ಕಾಗೆಯ ಗರಿ, ಗೂಬೆಯ ಗರಿ.
ಊರು ಬಿಡಿಸಲು ಮೂರು ದಾರಿ ಕೂಡುವಲ್ಲಿಯ ಮಣ್ಣು.

ಅಂಚಿನಲ್ಲಿ ಅದೇ ಬಳಪದ ಜಮಾಖರ್ಚು:
ಬೀರನ ಎಮ್ಮೆಗೆ ದೃಷ್ಟಿ ತೆಗೆದದ್ದು, ಎರಡು ಸೇರು ಅಕ್ಕಿ.
ಕೆರೆಕೋಡಿ ತಿಮ್ಮಿಗೆ ತಾಯಿತ, ಬಾಕಿ.
ಅದೇ ತಿಮ್ಮಿಗೆ ಇನ್ನೊಂದು ತಾಯಿತ, ಬಾಕಿ.
ತಿಮ್ಮಿ ತೀರಿಕೊಂಡಳು.
ಲೆಕ್ಕ ಹೊಡೆದು ಹಾಕಿದೆ.

ಒಂದು ಯಂತ್ರ: ಮೂರು ಸಾಲು, ಸಾಲಿಗೆ ಮೂರು ಮನೆ,
ಹೇಗೆ ಕೂಡಿದರೂ ಹದಿನೈದು ಬರಬೇಕು.
ನಡುಮನೆಯಲ್ಲಿ ನಾಲ್ಕಿತ್ತು.
ನಾನು ಐದು ಮಾಡಿದೆ, ಸ್ವಲ್ಪ ಜಂಬದಿಂದಲೇ.
'ಮೊದಲಿದ್ದಂಗೆ ಮಾಡಿ.
ಅಪ್ಪಯ್ಯ ಲೆಕ್ಕ ತಪ್ಪುವವನಲ್ಲ.'

ಆಗ ಹೇಳಿದಳು.
ಪ್ರತಿ ಮಂತ್ರದಲ್ಲೂ ಒಂದಕ್ಷರ ಕಿತ್ತಿಟ್ಟಿದ್ದಾನೆ,
ಕಳ್ಳನ ಕೈಗೆ ಸಿಕ್ಕರೂ ಬಾಗಿಲು ತೆರೆಯದ ಹಾಗೆ.
ಕೀಲ ಕಳಚುವ ಅಕ್ಷರ ಬರೆಯುವಂಥದಲ್ಲ,
ಗ್ರಹಣದ ಹೊತ್ತು, ಸೊಂಟಮಟ್ಟ ನೀರಲ್ಲಿ,
ಗಂಡುಮಗನ ಬಲಗಿವಿಗೆ.
'ತಮ್ಮ ಹುಟ್ಟು ಕಿವುಡ.
ಅಪ್ಪಯ್ಯ ಕ್ರಮ ಬಿಡಲಿಲ್ಲ. ದಂಡಾವತಿ ಹೊಳೆಗಿಳಿಸಿ
ಅವನ ಕಿವಿಗೇ ಹೇಳಿದ, ಒಂದೊಂದೇ,
ಗ್ರಹಣ ಬಿಡುವತನಕ.
ದಂಡೆ ಮೇಲೆ ಲಾಟೀನು ಹಿಡಿದವಳು ನಾನು.'

ನಿನಗೆ ಕೇಳಿಸಿತೇ ಎಂದೆ.
ಗೋಡೆಯ ದರಪಟ್ಟಿ ಓದತೊಡಗಿದಳು.
'ಪುಟಕ್ಕೆ ಇಪ್ಪತ್ತೋ ಇಪ್ಪತ್ತೈದೋ?'

ಕೊನೆಯ ಮಡಿಕೆ ಕಪ್ಪು ದಾರದಲ್ಲಿ ಹೊಲಿದದ್ದು,
ಒತ್ತೊತ್ತಾದ ಹೊಲಿಗೆ, ಗಂಡಸಿನ ಕೈಯದು.
ಮಾರಣ ಎಂದು ಹೊರಗೆ ಬರೆದಿರಲಿಲ್ಲ.
ಕತ್ತರಿ ತೆಗೆದುಕೊಂಡವನು ಮತ್ತೆ ಡ್ರಾಯರಿಗೆ ಹಾಕಿದೆ.
'ಅಲ್ಲಿ ಪುಟದ ಸಂಖ್ಯೆ ಮಾತ್ರ ಹಾಕಿ.
ಖಾಲಿ ಪುಟಕ್ಕೂ ದುಡ್ಡು ಕೊಡ್ತೀನಿ.'

ರಾತ್ರಿ ಒಬ್ಬನೇ ಕೂತಿದ್ದೆ.
ಜ್ವರದ ಮಂತ್ರದ ನಡುವೆ ಬಿಟ್ಟ ಜಾಗದಲ್ಲಿ
ಕರ್ಸರು ಮಿಟುಕಿಸುತ್ತಿತ್ತು.
ಕ ಒತ್ತಿದೆ, ಅಳಿಸಿದೆ.
ಚ. ಟ. ತ.
ನನ್ನ ಮಗಳಿಗೂ ಆ ವಾರ ಜ್ವರವಿತ್ತು, ಅದಕ್ಕೇ ಇರಬೇಕು.
ರ ಒತ್ತುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಯಾಯಿತು.
ಮೆಸ್ಕಾಂನವರ ಕೆಲಸ, ನನಗೆ ಗೊತ್ತು,
ಯುಪಿಎಸ್ ಕೆಟ್ಟು ಎರಡು ತಿಂಗಳು.
ಆದರೂ ಕತ್ತಲಲ್ಲಿ ಕೈಯನ್ನು
ಮಡಿಲಲ್ಲಿಟ್ಟುಕೊಂಡು ಕೂತೆ.
ಕರೆಂಟು ಬಂದಾಗ ಜಾಗ ಖಾಲಿಯೇ ಇತ್ತು.

ಮೂವತ್ತು ಪ್ರತಿ. ನೀಲಿ ರಟ್ಟು.
ಮುನ್ನುಡಿ ನೀವೇ ಬರೀರಿ ಎಂದಿದ್ದಳು,
ಒಂದೇ ಸಾಲು ಬರೆದೆ:
ಇಲ್ಲಿರುವ ತಪ್ಪುಗಳು ಅಚ್ಚಿನ ತಪ್ಪುಗಳಲ್ಲ.

ಬೆರಳಿಟ್ಟು ಓದಿಕೊಂಡಳು.
ಆಮೇಲೆ ಪುಟ ತಿರುವಿ ಮೊದಲ ಮಂತ್ರ,
ತುಟಿ ಅಲುಗಿಸುತ್ತ, ದನಿಯಿಲ್ಲದೆ;
ಖಾಲಿ ಜಾಗ ಬಂದಾಗ
ತುಟಿ ನಿಲ್ಲಲಿಲ್ಲ.