ಹದಿನೇಳನೇ ಸಾಲು

ಶಿಡ್ಲಘಟ್ಟದಲ್ಲಿ ಭಾನುವಾರಕ್ಕೂ ಒಂದು ವಾಸನೆಯಿದೆ,
ಬೆಂದ ರೇಷ್ಮೆಗೂಡಿನದು. ಮೊದಮೊದಲು
ಕಿಟಕಿ ಮುಚ್ಚಿಸುತ್ತಿದ್ದೆ.
ಫಿಲೇಚರಿನ ಮೇಲಿನ ಮಹಡಿ, ಬಾಡಿಗೆಯಿಲ್ಲದ ಕೋಣೆ,
ಸುಣ್ಣ ಉಬ್ಬಿದ ಗೋಡೆಯೇ ಪರದೆ.
ಪೈಥಾನ್ ಬಳಗ ಎಂದು ರಟ್ಟಿನ ಮೇಲೆ ಬರೆದು ತೂಗುಹಾಕಿದ್ದೆ.
"ಹಾವು ಹಿಡಿಯೋ ಕ್ಲಾಸಾ?" ಎಂದು
ನಕ್ಕು ಹೋದವರೇ ಹೆಚ್ಚು.

ಯಾರು ಬೇಕಾದರೂ ಬರಬಹುದು ಎಂದೂ ಬರೆದಿದ್ದೆ,
ಕೆಳಗೆ, ಸಣ್ಣಕ್ಷರದಲ್ಲಿ.
ಬಂದೇಬಿಟ್ಟರು.

ನಸೀಬಾ ಬಂದಳು. ಕುದಿನೀರಲ್ಲಿ ಎಳೆ ಹುಡುಕಿ ಹುಡುಕಿ
ಬೆರಳ ತುದಿ ಬಿಳಿಚಿ, ಫೋನಿಗೂ
ಅವಳ ಹೆಬ್ಬೆಟ್ಟಿನ ಗುರುತು ಹತ್ತದು.
ಅಂಗನವಾಡಿಯ ಲಕ್ಷ್ಮೀದೇವಮ್ಮ ಬಂದರು,
ಮೊಟ್ಟೆಯ ಲೆಕ್ಕಕ್ಕೊಂದು ಪ್ರೋಗ್ರಾಮು ಬೇಕಂತೆ.
ಸೌಪರ್ಣಿಕಾ: ಕಾರ್ಡಿನಲ್ಲಿ ಬೇರೆ ಹೆಸರು, ಬಾಯಲ್ಲಿ ಇದು.
"ಯಾವುದು ಬರೆದುಕೊಳ್ಳಲಿ?" ಎಂದೆ.
"ಯಾವುದು ಕರೆದರೆ ತಿರುಗ್ತೀನೋ, ಅದು."

ಸಾದಲಿಯಿಂದ ಬಸ್ಸು ಹತ್ತಿ ಅಂಜಿನಪ್ಪ.
ಕಣ್ಣಿಲ್ಲ. ಲ್ಯಾಪ್‌ಟಾಪು ಓದಿ ಹೇಳುತ್ತದೆ,
ಓದುವುದೇನು, ಕಾಳು ಹುರಿದಂತೆ ಚಟಪಟ,
ಅವನಿಗೆ ಮಾತ್ರ ತಿಳಿಯುವ ವೇಗ.
"ಇಯರ್‌ಫೋನ್ ಹಾಕ್ಕೋ."
"ಹಾಕಿದರೆ ನಿಮ್ಮ ಪಾಠ ಕೇಳಿಸಲ್ಲ ಮೇಡಂ."
"ಎಲ್ಲರಿಗೂ ತೊಂದರೆಯಾಗುತ್ತಲ್ಲಪ್ಪಾ."
ಎಲ್ಲರೂ ಎಂದರೆ ನಾನು.
ಅವನು ಕುರ್ಚಿ ಎತ್ತಿಕೊಂಡು
ಬಾಗಿಲಾಚೆ, ಮೆಟ್ಟಿಲ ತಲೆಯಲ್ಲಿ ಕೂತ.
ಮೂರು ಭಾನುವಾರ ಕೂತ.

ನಾಲ್ಕನೆಯದಕ್ಕೆ ನಮ್ಮದೇ ಹಾಜರಿಪಟ್ಟಿ ಬರೆದೆವು.
ಇಪ್ಪತ್ತೆರಡು ಹೆಸರು, ಸುತ್ತಿಗೊಬ್ಬರಂತೆ
ಎಲ್ಲರಿಗೂ ಒಂದೊಂದು ನಮಸ್ಕಾರ.
ಪೆನ್‌ಡ್ರೈವು ಕೈಯಿಂದ ಕೈಗೆ ದಾಟಿ ಮೆಟ್ಟಿಲಿಗೂ ಹೋಯಿತು.
ಓಡಿಸಿದರೆ ಗೋಡೆಯ ಮೇಲೆ ಒಂದೇ ನಮಸ್ಕಾರ,
ಪಟ್ಟಿಯ ಕೊನೆಯ ಹೆಸರಿಗೆ.
ವಿನಯಕ್ಕೆಂದು ಕೊನೆಗೆ ಹಾಕಿಕೊಂಡಿದ್ದ
ನನ್ನ ಹೆಸರಿಗೆ.

ಯಂತ್ರ ತಪ್ಪೇ ಇಲ್ಲ ಎನ್ನುತ್ತಿದೆ.
ಕನ್ನಡಕ ಒರೆಸಿದೆ, ಗೋಡೆಯ ಹತ್ತಿರ ಹೋದೆ,
ಸುಣ್ಣದ ಉಬ್ಬಿನಲ್ಲಿ ಸಾಲುಗಳೆಲ್ಲ ಸೊಟ್ಟ.

ಮೆಟ್ಟಿಲಿನಿಂದ ದನಿ:
"ಹದಿನೇಳನೇ ಸಾಲು ಮೇಡಂ.
ಅದರ ಮೇಲಿನವಕ್ಕೆ ನಾಲ್ಕು ಖಾಲಿ, ನಾಲ್ಕು ಖಾಲಿ ಅಂತ ಹೇಳಿ ಓದ್ತು.
ಇದಕ್ಕೆ ಏನೂ ಹೇಳ್ಲಿಲ್ಲ.
ಆ ಸಾಲು ಹೊರಗದೆ."

ಯಾರೂ ನಗಲಿಲ್ಲ.
ಕೆಳಗೆ ನೂಲಿನ ರಾಟೆ ತಿರುಗುತ್ತಿತ್ತು.
"ಲೋಪಲಿಕಿ ನೂಕಂಡಿ" ಎಂದರು ಲಕ್ಷ್ಮೀದೇವಮ್ಮ.
"ಅಂದರ್, ಅಂದರ್" ನಸೀಬಾ.
ಇಂಗ್ಲಿಷಿನಲ್ಲೇ ಮಾತಾಡಬೇಕೆಂಬ ನಿಯಮ
ಆ ಹೊತ್ತಿಗೆ ನನಗೇ ಮರೆತಿತ್ತು.
ಖಾಲಿ ಜಾಗದ ಉದ್ದ ಕೀಲಿ ಒತ್ತಿದೆ, ನಾಲ್ಕು ಸಲ.

ನಮಸ್ಕಾರಗಳು ಗೋಡೆಯಿಳಿದು ಬಂದವು.
ಸೌಪರ್ಣಿಕಾ ತನ್ನದರ ಫೋಟೊ ಹಿಡಿದುಕೊಂಡಳು.

"ಒಳಗೆ ಬಾ" ಎಂದೆ ಅಂಜಿನಪ್ಪನಿಗೆ.
"ಇರಲಿ ಮೇಡಂ, ಇಲ್ಲಿ ಗಾಳಿ ಬರ್ತದೆ."
ಗಾಳಿಯೋ ಸಿಟ್ಟೋ, ಕೇಳಲಿಲ್ಲ.
ಕೇಳಬೇಕಿತ್ತು.
ಬಾಗಿಲಿಗೆ ಇಟ್ಟಿಗೆ ಒತ್ತಿಟ್ಟು, ಕಿಟಕಿ ತೆರೆದು,
ನನ್ನ ಕುರ್ಚಿಯನ್ನು ಹೊಸ್ತಿಲವರೆಗೆ ಎಳೆದೆ.
ಗೂಡಿನ ವಾಸನೆ ಬಂತು, ಬರಲಿ.
ಹಿಂದೆಯೇ ಆ ಚಟಪಟ.
ಕಿವಿಗೊಟ್ಟೆ. ಒಂದಕ್ಷರ ತಿಳಿಯಲಿಲ್ಲ.
"ಸ್ವಲ್ಪ ನಿಧಾನ ಮಾಡ್ತೀಯಾ?" ಎಂದು ಕೇಳಿದೆ,
ಅವತ್ತೇ ಸೇರಿದವಳ ಹಾಗೆ.