ಸೇತುವೆ ಬಂತು, ಕಿಟಕಿ ಮುಚ್ಚಿ

ಮೂವತ್ತೊಂದು ವರ್ಷ ಜುಲ್ಮಿರಾ ಅತ್ತೆ
ಸಾವೊ ಪಾಲೊ ನಗರವನ್ನು ಅಡ್ಡಡ್ಡ ನೋಡಿದಳು.
ಬಸ್ಸಿನಲ್ಲಿ ಅವಳ ಸೀಟೇ ಹಾಗೆ, ಪಕ್ಕಕ್ಕೆ ತಿರುಗಿದ್ದು;
ಎದುರಿಗೆ ತಿರುಗುಗಂಬಿ, ಮಡಿಲಲ್ಲಿ ಚಿಲ್ಲರೆ ಡಬ್ಬಿ,
ಊರು ಎಡದಿಂದ ಬಂದು ಬಲಕ್ಕೆ ಮುಗಿಯುತ್ತಿತ್ತು.

ಎಲ್ಲರೂ ಹತ್ತಿದರೆ ನಾಣ್ಯದಿಂದ ಕಂಬಿಗೆ ಎರಡೇಟು,
ಟಕ್ ಟಕ್. ಡ್ರೈವರ್ ಬಿಡುತ್ತಿದ್ದ.
ತಿಯೆಟೆ ನದಿಯ ಸೇತುವೆಗೆ ಮಾತ್ರ ಬಾಯಿಯ ಕೂಗು:
"ಕಿಟಕಿ ಮುಚ್ಚಿ!"
ನಲವತ್ತು ಗಾಜು ಒಟ್ಟಿಗೆ ಧಡಧಡ.
ಸಿರಿವಂತರ ನಾಯಿ ಸತ್ತರೂ ಬಡವರ ಸೋಫಾ ಹರಿದರೂ
ಕೊನೆಗೆ ಸೇರುವುದು ಅಲ್ಲಿಗೇ.

ಹೋದ ವರ್ಷ, ಯಂತ್ರವೊಂದೇ ಸಾಕು ಎಂದರು.
ಅತ್ತೆಗೆ ಒಂದು ಕೇಕು, ಒಂದು ಕೈಗಡಿಯಾರ.
"ಈಗ ಯಾಕೆ ಗಡಿಯಾರ?" ಎಂದಳು.

ಎದುರುಮನೆ ಅಡೆಮಾರನ ಫಿಯೆಟ್ ಕೇಳಿ ತಂದೆ,
ಎರಡನೇ ಗೇರಿಗೆ ಗೋಗರೆಯಬೇಕಾದ ಕಾರು.
ಮುಂದಿನ ಸೀಟಿನಲ್ಲಿ ಅತ್ತೆ ಹತ್ತು ನಿಮಿಷ ಮಾತಾಡಲಿಲ್ಲ.
ರಸ್ತೆ ಎದುರಿನಿಂದ ಬರುವುದನ್ನು ಅವಳು ಕಂಡವಳೇ ಅಲ್ಲ.
"ಎಲ್ಲಾ ಮೈಮೇಲೇ ಬರತ್ತಲ್ಲೇ" ಎಂದು ನನ್ನ ತೊಡೆ ಚಿವುಟಿದಳು.

ಊರಿಗೂ ರಾಜ್ಯಕ್ಕೂ ಒಂದೇ ಹೆಸರು.
ಊರು ಮುಗಿಯಿತು ಅಂದುಕೊಂಡರೆ ಇನ್ನೊಂದು ಊರು,
ಆಮೇಲೆ ಗೋದಾಮು, ಗೋದಾಮು ಮುಗಿದರೆ ಟೋಲ್.
ಟೋಲಿನ ಹುಡುಗಿ ಕೊಟ್ಟ ಚಿಲ್ಲರೆಯಲ್ಲಿ
ಇಪ್ಪತ್ತು ಸೆಂಟಾವೊ ಹೆಚ್ಚಿತ್ತು.
ಅತ್ತೆ ಇಳಿದು, ನಡೆದು ಹೋಗಿ, ವಾಪಸು ಕೊಟ್ಟು ಬಂದಳು.
ಹಿಂದೆ ಲಾರಿಗಳು ಹಾರ್ನು ಹೊಡೆದುಕೊಂಡವು.
"ಸಂಜೆ ಲೆಕ್ಕ ಒಪ್ಪಿಸುವವಳು ಅವಳು. ಲಾರಿಯಲ್ಲ."

ಪಿರಾಪೊರಾದಲ್ಲಿ ನದಿಯ ಮೇಲೆ ನೊರೆ,
ಆಳೆತ್ತರ, ಹಿಟ್ಟು ಚೆಲ್ಲಿದಷ್ಟು ಬೆಳ್ಳಗೆ.
ಅತ್ತೆ ದೂರದಿಂದಲೇ ಗುರುತು ಹಿಡಿದಳು:
"ನಮ್ಮ ಓಣಿಯ ಸೋಪು ಇದು."
ನಗಬೇಕೋ ಬೇಡವೋ ತಿಳಿಯದೆ ನಾನು ಗೇರು ಬದಲಿಸಿದೆ.

ಆಮೇಲೆ ಕಬ್ಬು.
ಕಬ್ಬೆಂದರೆ ಕಬ್ಬು, ಕಣ್ಣು ಸೋತರೂ ಮುಗಿಯದ್ದು.
ರಸ್ತೆಬದಿಯಲ್ಲಿ ಕಬ್ಬಿನ ಹಾಲು,
ಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ಬಿಸಿ ಪಮೋನ್ಯ.
ಮಾರುವ ಮುದುಕ ಬೆನೆವಿನೊ, ಗಾಣ ನಿಲ್ಲಿಸದೆ ಹೇಳಿದ:
"ಈ ನದಿ ಹುಟ್ಟುವ ಗುಡ್ಡಕ್ಕೆ ಸಮುದ್ರ ಕೂಗಳತೆ.
ಆದರೂ ಬೆನ್ನು ತಿರುಗಿಸಿ ಒಳನಾಡಿಗೆ ಹೊರಟಿತು.
ಸಾವಿರ ಕಿಲೋಮೀಟರು. ಹಟಮಾರಿ."
"ಸಮುದ್ರ ಎಲ್ಲಿ ಓಡಿಹೋಗತ್ತೆ, ಆಮೇಲೆ ನೋಡೋಣ ಅಂದುಕೊಂಡಿರಬೇಕು,
ನನ್ನ ಹಾಗೆ" ಎಂದಳು ಅತ್ತೆ.
ನಮ್ಮಲ್ಲಿಂದ ಸಮುದ್ರಕ್ಕೆ ಬಸ್ಸಿನಲ್ಲಿ ಒಂದೂಕಾಲು ಗಂಟೆ.
ಅವಳಿನ್ನೂ ನೋಡಿಲ್ಲ.

ಬಾರ್ರಾ ಬೊನೀಟಾ ತಲುಪಿದಾಗ ಮೂರು ಗಂಟೆ.
ಸೇತುವೆ ಕಂಡದ್ದೇ ತಡ
ಅತ್ತೆಯ ಕೈ ತಾನಾಗಿ ಕಿಟಕಿಯ ಹಿಡಿಗೆ ಹೋಯಿತು.
ಗಾಜು ಅರ್ಧ ಏರಿ ನಿಂತಿತು.

ಕೆಳಗೆ ನೀರು.
ತುಸು ಹಸಿರು, ಅಂಚಿನಲ್ಲಿ ಜೊಂಡು, ಆದರೂ ನೀರು.
ಹುಡುಗನೊಬ್ಬ ಕಟ್ಟೆಯಿಂದ ಹಾರಿ, ಮುಳುಗಿ,
ಇನ್ನೆಲ್ಲೋ ತಲೆಯೆತ್ತಿ, ಬಾಯಿತುಂಬ ಉಗುಳಿ ನಕ್ಕ.
"ಇದರ ಹೆಸರೇನು?" ಬೋರ್ಡು ಓದಿಯೂ ಕೇಳಿದಳು.
"ತಿಯೆಟೆ."
"ನಮ್ಮದೇನಾ?"
"ನಮ್ಮದೇ."
ಅತ್ತೆ ಬೈಯತೊಡಗಿದಳು.
ನದಿಯನ್ನೋ, ಊರನ್ನೋ, ಮೂವತ್ತೊಂದು ವರ್ಷವನ್ನೋ,
ತುಂಬ ಹೊತ್ತು, ಅಪ್ಪಟ ಬಸ್ಸಿನ ಭಾಷೆಯಲ್ಲಿ.
ಮೀನು ಹಿಡಿಯುತ್ತಿದ್ದವರು ಗಾಳ ಮರೆತು ಕೇಳಿದರು.

ರಾತ್ರಿ ವಾಪಸು. ದೀಪಗಳ ಸಾಲು, ಅದೇ ಸೇತುವೆ, ಅದೇ ವಾಸನೆ.
ನಾನು ಕಿಟಕಿಗೆ ಕೈ ಹಾಕಿದೆ.
"ಇರಲಿ ಬಿಡು" ಎಂದಳು.
ಕೈಗಡಿಯಾರವನ್ನು ಬೆಳಕಿಗೆ ಹಿಡಿದು
"ಈಗ ಇಲ್ಲಿ ಹತ್ತಿದ ನೀರು
ಆ ಹುಡುಗನ ಹತ್ತಿರ ಎಷ್ಟೊತ್ತಿಗೆ ಹೋದೀತು?"
ನನಗೆ ಗೊತ್ತಿರಲಿಲ್ಲ.
ಅತ್ತೆ ಜೇಬಿನಿಂದ ನಾಣ್ಯ ತೆಗೆದಳು,
ಕೈ ಹೊರಗೆ ಚಾಚಿ ಬಾಗಿಲಿಗೆ ಬಡಿದಳು,
ಟಕ್.
ಟಕ್.